ಗಳಿಕೆ ರಜೆಯೂ ಆಯುಷ್ಯವೂ

ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ರಜೆ ಕೂಡಿಡುವುದೆಂದರೆ ಮಹಾ ಜಾಣತನ. ವರ್ಷಕ್ಕೆ 30 ದಿನ ಗಳಿಕೆ ರಜೆ. ಮುಟ್ಟದೆ 300 ದಿನ ಉಳಿಸಿದರೆ ನಿವೃತ್ತಿಯಾದಾಗ ಅಷ್ಟಕ್ಕೂ ಹಣ. ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಆ ಹಣ ಮನೆಯವರಿಗೆ ಸಲ್ಲುತ್ತದೆ. ನಿಯಮ ಒಳ್ಳೆಯದೇ. ಆದರೆ ಆ ದಿನಗಳು ಯಾರಿಗೂ ಸಲ್ಲುವುದಿಲ್ಲ.

ಮಕ್ಕಳಿಗೆ ಕನ್ನಡ ಓದಲು ಕಲಿಸುವುದು, ಊರಿನಲ್ಲಿ ಮುಪ್ಪಿನ ತಾಯಿಯ ಹತ್ತಿರ ನಾಲ್ಕು ದಿನ ಕೂರುವುದು, ಎಲ್ಲಕ್ಕೂ ನಮ್ಮದು ಒಂದೇ ಉತ್ತರ: 'ರಿಟೈರಾದ ಮೇಲೆ ನೋಡೋಣ.' 1998ರಲ್ಲಿ ಸರ್ಕಾರ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಈ 'ನೋಡೋಣ' ಇನ್ನೆರಡು ವರ್ಷ ಮುಂದೆ ಹೋಯಿತು. ತಾಯಿಯ ಆಯುಷ್ಯವನ್ನೋ ಮಕ್ಕಳ ಬಾಲ್ಯವನ್ನೋ ಹಾಗೆ ವಿಸ್ತರಿಸುವ ಇಲಾಖೆ ಯಾವುದೂ ಇಲ್ಲ.

ಸಾವಿನ ಮಾತೆತ್ತಿದರೆ 'ಬಿಡ್ತು ಅನ್ನಿ' ಎನ್ನುವವರನ್ನು ಕೇಳುತ್ತೇವೆ: ವಿಮೆಯ ಕಂತು ಕಟ್ಟುವಾಗ, ನಾಮಿನಿಯ ಹೆಸರು ಬರೆಯುವಾಗ ಸಾವನ್ನು ನೆನೆಯುತ್ತೇವಲ್ಲವೇ? ಹಣದ ಲೆಕ್ಕಕ್ಕೆ ಬೇಕಾದ ಆ ನೆನಪು ದಿನಗಳ ಲೆಕ್ಕಕ್ಕೆ ಏಕೆ ಬೇಡ?

ಒಂದಷ್ಟು ರಜೆ ಹಣಕ್ಕಾಗಿ ಉಳಿಯಲಿ, ಬೇಡವೆನ್ನುವುದಿಲ್ಲ. ಈ ವರ್ಷ ಹತ್ತು ದಿನಕ್ಕಾದರೂ ಅರ್ಜಿ ಬರೆಯೋಣ. ತಾಯಿ ಬಾಗಿಲಲ್ಲಿ ಕಾದಿರುವಾಗಲೇ ಊರು ಸೇರೋಣ.