ಆರು ತಿಂಗಳಲ್ಲಿ ಮುಗಿಯುವ ಪಾಠವಲ್ಲ



ಹಳ್ಳಿಯಲ್ಲಿ ಮಗುವಿಗೆ ಜ್ವರ ಬಂದರೆ ತಾಯಿ ಮೊದಲು ಯಾರ ಹತ್ತಿರ ಹೋಗ್ತಾಳೆ? ಡಾಕ್ಟರ ಹತ್ತಿರ ಅಂತ ಪಟ್ಟಣದಲ್ಲಿ ಕೂತ ನಾವು ಹೇಳಿಬಿಡಬಹುದು. ಆದರೆ ಉಪಕೇಂದ್ರದಲ್ಲಿ ಅವಳಿಗೆ ಸಿಗುವವರು ಎಂ.ಬಿ.ಬಿ.ಎಸ್. ಅಲ್ಲ. 2018ರಲ್ಲಿ ಶುರುವಾದ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ, ನರ್ಸಿಂಗ್ ಇಲ್ಲವೇ ಆಯುರ್ವೇದ ಓದಿದವರಿಗೆ ಆರು ತಿಂಗಳ ಕೋರ್ಸ್ ಕೊಟ್ಟು, ಕಮ್ಯೂನಿಟಿ ಹೆಲ್ತ್ ಆಫೀಸರ್ ಎಂದು ಅಲ್ಲಿ ನೇಮಿಸುತ್ತಾರೆ. ಬಯಲು ಪ್ರದೇಶದಲ್ಲಿ ಸುಮಾರು 5,000 ಜನಕ್ಕೆ ಒಂದು ಉಪಕೇಂದ್ರ.

ಇವರನ್ನು 'ಅರ್ಧ ಡಾಕ್ಟರು' ಅಂತ ಮೂಗು ಮುರಿಯುವವರಿದ್ದಾರೆ. 2019ರಲ್ಲಿ ನ್ಯಾಷನಲ್ ಮೆಡಿಕಲ್ ಕಮಿಷನ್ ಕಾನೂನಿನ 32ನೇ ಕಲಮು ಇಂಥವರಿಗೆ ಮಿತವಾದ ಲೈಸೆನ್ಸ್ ಕೊಡಲು ಹೊರಟಾಗ ಡಾಕ್ಟರುಗಳು ಬೀದಿಗಿಳಿದರು. ಇನ್ನೊಂದು ಪಕ್ಷದವರು 'ಏನೂ ಇಲ್ಲದ್ದಕ್ಕಿಂತ ವಾಸಿ' ಅಂತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ. ಕಡಿಮೆ ಅವಧಿಯ ಲೈಸೆನ್ಷಿಯೇಟ್ ಓದು ಬೇಡ, ಒಂದೇ ದರ್ಜೆಯ ಡಾಕ್ಟರು ಸಾಕು ಎಂದು ಭೋರ್ ಸಮಿತಿ 1946ರಲ್ಲೇ ಹೇಳಿತ್ತು. ಆ ಡಾಕ್ಟರು ಹೆಚ್ಚಾಗಿ ಪಟ್ಟಣದಲ್ಲೇ ಉಳಿದರು. 'ಏನೂ ಇಲ್ಲದ್ದಕ್ಕಿಂತ ವಾಸಿ' ಅನ್ನೋದಂತೂ ಬಡವನಿಗೆ ಕಳಪೆ ಮಾಲು ಸಾಕು ಅಂದ ಹಾಗೆ.

ಮೊದಲು ನೋಡುವವರ ಕೆಲಸವಾದರೂ ಏನು? ಒಂದು ಉದಾಹರಣೆ ಕೊಡ್ತೇನೆ. ಕೆಮ್ಮಿನ ಮಗು ಬಂದರೆ ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಾದರೆ 50, ಒಂದರಿಂದ ಐದು ವರ್ಷದೊಳಗಾದರೆ 40. ಎಣಿಕೆ ಅಷ್ಟು ಮುಟ್ಟಿದರೆ ನ್ಯುಮೋನಿಯಾ ಎಂದು ಎಚ್ಚರಾಗಬೇಕು. ಇದಕ್ಕೆ ಎಂ.ಬಿ.ಬಿ.ಎಸ್. ಬೇಕಿಲ್ಲ, ಒಂದು ಗಡಿಯಾರ ಸಾಕು. ಆದರೆ ಮಗು ಅಳ್ತಾ ಇದೆ, ಹೊರಗೆ ಹತ್ತು ಜನ ಕಾಯ್ತಾ ಇದ್ದಾರೆ. ಆಗಲೂ ಪೂರ್ತಿ ನಿಮಿಷ ಎಣಿಸುವ ತಾಳ್ಮೆ, ಯಾವ ಮಗುವನ್ನು ಈಗಲೇ ದೊಡ್ಡಾಸ್ಪತ್ರೆಗೆ ಕಳಿಸಬೇಕು ಅನ್ನುವ ವಿವೇಕ, ಇವು ಪರೀಕ್ಷೆ ಪಾಸಾದ ಮಾತ್ರಕ್ಕೆ ಬರೋದಿಲ್ಲ. ಬಂದರೂ ಬಳಸದಿದ್ದರೆ ಉಳಿಯೋದಿಲ್ಲ.

ಕಾಮರ್ಸ್ ಓದುವ ನಮಗೆ ಯಂತ್ರದ ಸವಕಳಿ ಗೊತ್ತು. ಕೊಂಡ ವರ್ಷದ ಬೆಲೆಯನ್ನೇ ಪ್ರತಿವರ್ಷ ಲೆಕ್ಕಪುಸ್ತಕದಲ್ಲಿ ತೋರಿಸಿದರೆ ಆಡಿಟರ್ ಬಿಡ್ತಾನೆಯೇ? ಕಲಿತ ವಿದ್ಯೆಗೂ ಸವಕಳಿಯುಂಟು. ತರಬೇತಿಯನ್ನು ಒಮ್ಮೆ ಹಾಕಿ ಮರೆಯುವ ಬಂಡವಾಳ ಎಂದು ಬರೆಯಬಾರದು, ಸಂಬಳದ ಹಾಗೆ ತಿಂಗಳು ತಿಂಗಳೂ ಬರುವ ಖರ್ಚು ಎಂದೇ ಬರೆಯಬೇಕು.

ಇದು ಬರೀ ಆದರ್ಶವಲ್ಲ. ಮಹಾರಾಷ್ಟ್ರದ ಜಾಮಖೇಡದಲ್ಲಿ ಡಾ. ರಜನೀಕಾಂತ್ ಮತ್ತು ಡಾ. ಮೇಬಲ್ ಆರೋಳೆ ದಂಪತಿಗಳು 1970ರಲ್ಲಿ ಕೆಲಸ ಶುರುಮಾಡಿ, ಹೆಚ್ಚು ಓದಿಲ್ಲದ ಹಳ್ಳಿ ಹೆಂಗಸರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿದರು. ಆ ಹೆಂಗಸರು ವಾರವಾರ ಕೇಂದ್ರಕ್ಕೆ ಬಂದು, ಊರಲ್ಲಿ ಕಂಡದ್ದನ್ನು ಹೇಳಿ, ತಿಳಿಯದ್ದನ್ನು ಕೇಳಿ ಕಲಿತರು. 1979ರಲ್ಲಿ ಆ ದಂಪತಿಗಳಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಈಗಲೂ ಟ್ರೈನಿಂಗ್ ಕ್ಯಾಂಪುಗಳು ಇರ್ತವೆ, ನಿಜ. ಆದರೆ ಕ್ಯಾಂಪಿನಲ್ಲಿ ಕೂತು ಭಾಷಣ ಕೇಳೋದು ಬೇರೆ, ತಾನು ಮೊನ್ನೆ ನೋಡಿದ ರೋಗಿಯ ಬಗ್ಗೆ ಅನುಭವಸ್ಥ ಡಾಕ್ಟರ ಎದುರು ಕೂತು ಚರ್ಚಿಸೋದು ಬೇರೆ. ಆ ದಿನ ಉಪಕೇಂದ್ರದ ಗತಿಯೇನು ಅಂತ ಕೇಳಬಹುದು. ಸರಿಯಾದ ಪ್ರಶ್ನೆಯೇ. ಅಲ್ಲಿ ಎ.ಎನ್.ಎಂ. ಸಿಸ್ಟರ್ ಇರ್ತಾರೆ, ಬೇಕಾದರೆ ವಾರದ ಬದಲು ಹದಿನೈದು ದಿನಕ್ಕೊಮ್ಮೆ ಮಾಡಲಿ.

ಉಪಕೇಂದ್ರಗಳು ಎಷ್ಟು ತೆರೆದವು ಎಂಬ ಅಂಕಿ ಪತ್ರಿಕೆಯಲ್ಲಿ ಬಂದಾಗ ನಾವು ಖುಷಿಪಡ್ತೇವೆ. ಅಲ್ಲಿ ಕೂತವರು ಹೋದ ತಿಂಗಳು ಯಾರ ಹತ್ತಿರ, ಏನು ಕಲಿತರು ಅಂತಲೂ ಕೇಳೋಣ. ಊರಿಗೆ ಹೋದಾಗ ನಿಮ್ಮ ಉಪಕೇಂದ್ರದಲ್ಲೇ ಇದನ್ನು ವಿಚಾರಿಸಿ ನೋಡಿ.