ಥೇಟರಿನಲ್ಲಿ ಸಲೀಂ, ಮನೆಯಲ್ಲಿ ಅಕ್ಬರ್

ನಮ್ಮ ವಯಸ್ಸಿನವರು ನಾಲ್ಕು ಜನ ಸೇರಿದರೆ ಶುಗರು, ಪೆನ್ಷನ್ನು ಮುಗಿದ ಮೇಲೆ ಮೂರನೇ ವಿಷಯ ಇದೇ. "ಆಗಿನ ಲವ್ ಸ್ಟೋರಿ ಅಂದ್ರೆ ಲವ್ ಸ್ಟೋರಿ ಮಾರಾಯ್ರೆ, ಈಗಿನದ್ದೆಲ್ಲ ಏನು!" ವಾಟ್ಸಾಪಿನಲ್ಲಿ 'ಎರಡು ಕನಸು' ಹಾಡು ಬಂದರೆ ಕೆಳಗೆ ಸಾಲಾಗಿ ಅಳುವ ಮುಖಗಳು. ಈ ಅಳುವಿನ ಬಗ್ಗೆಯೇ ನನ್ನ ತಕರಾರು.

ಮುಂಬಯಿ ಸೆಂಟ್ರಲ್ ಹತ್ತಿರದ ಮರಾಠಾ ಮಂದಿರದಲ್ಲಿ 'ದಿಲ್‌ವಾಲೇ ದುಲ್ಹನಿಯಾ' 1995ರ ಅಕ್ಟೋಬರಿನಲ್ಲಿ ಬಂದದ್ದು ಹೋಗಲೇ ಇಲ್ಲ. 2015ರಲ್ಲಿ ನಿಲ್ಲಿಸುತ್ತೇವೆ ಅಂದವರು ಜನ ಬಿಡದ್ದರಿಂದ ಮುಂದುವರಿಸಿದರು. ಕೊರೋನಾದಲ್ಲಿ ಬಾಗಿಲು ಹಾಕಿ ಮತ್ತೆ ತೆರೆದರು. 2025ಕ್ಕೆ 30 ವರ್ಷ ತುಂಬಿತು. ಆ ಮ್ಯಾಟಿನಿಗೆ ಬರುವವರಲ್ಲಿ ಎಷ್ಟೋ ಮಂದಿ ಸಿನಿಮಾ ಬಂದಾಗ ಹುಟ್ಟಿರಲೇ ಇಲ್ಲ. ಕಾಲೇಜಿಗೆ ಚಕ್ಕರ್ ಹಾಕಿದ ಜೋಡಿಗಳು, ಊರಿನ ರೈಲಿಗೆ ಹೊತ್ತಿದೆ ಅಂತ ಬ್ಯಾಗು ಸಮೇತ ಬಂದು ಕೂತವರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ನಮ್ಮವರ ಮೇಲೆ.

ಅಲ್ಲ ಸ್ವಾಮಿ, ಆ ಹಳೇ ಸಿನಿಮಾಗಳಲ್ಲಿ ಇರುವುದೇನು? 1960ರಲ್ಲಿ ಇದೇ ಮರಾಠಾ ಮಂದಿರದಲ್ಲಿ ಶುರುವಾದ 'ಮುಘಲ್-ಎ-ಆಜಮ್'ನಲ್ಲಿ ಅಡ್ಡ ಬಂದವನು ಅಪ್ಪ. 'ಬಾಬ್ಬಿ'ಯಲ್ಲಿ (1973) ಅಪ್ಪ. 'ಎರಡು ಕನಸು' (1974) ಚಿತ್ರದಲ್ಲಿ ರಾಜ್‌ಕುಮಾರ್-ಮಂಜುಳಾ ಬೇರೆಯಾದದ್ದು ಹಿರಿಯರ ಜಗಳದಿಂದ, ಅದರ ಬಡ್ಡಿ ತೆತ್ತವಳು ಏನೂ ಅರಿಯದ ಕಲ್ಪನಾ. 'ಏಕ್ ದೂಜೇ ಕೇ ಲಿಯೇ' (1981) ಅಂತೂ ತಮಿಳು ಹುಡುಗ, ಹಿಂದಿ ಹುಡುಗಿ, ಎರಡೂ ಮನೆಯವರ ಹಟ, ಕೊನೆಗೆ ಎರಡು ಹೆಣ. ಎಲ್ಲದರಲ್ಲೂ ಕಟಕಟೆಯಲ್ಲಿ ನಿಂತಿರುವವರು ಅಪ್ಪ ಅಮ್ಮಂದಿರು. ಈಗ ಆ ವಯಸ್ಸಿನವರು ಯಾರು? ನಾವೇ. ಆದರೂ ಹಾಡು ಬಂದರೆ ನಾವು ಸಲೀಮನ ಜೊತೆ ಅಳುತ್ತೇವೆ, ಮನೆಗೆ ಬಂದು ಅಕ್ಬರನ ಖುರ್ಚಿಯಲ್ಲಿ ಕೂರುತ್ತೇವೆ.

ಡೊಂಬಿವಲಿಯಲ್ಲಿ ನನಗೆ ಗೊತ್ತಿರುವ ಒಬ್ಬರಿದ್ದಾರೆ. ಕರಾವೋಕೆಯಲ್ಲಿ ಯುಗಳ ಗೀತೆ ಹಾಡಿದರೆ ಸಭೆಯೇ ಮೌನ. ಮಗಳು ಐರೋಲಿಯ ಕಂಪನಿಯಲ್ಲಿ ಜೊತೆಗೆ ಕೆಲಸ ಮಾಡುವ ಮರಾಠಿ ಹುಡುಗನನ್ನು ಮೆಚ್ಚಿದಳು. ಇವರು ಎರಡು ವರ್ಷ ಅವಳ ಜೊತೆ ಮಾತು ಬಿಟ್ಟರು. "ಊರಲ್ಲಿ ಮುಖ ತೋರಿಸೋದು ಹೇಗೆ" ಅನ್ನುತ್ತಾರೆ. ಊರಿಗೆ ಹೋಗುವುದು ವರ್ಷಕ್ಕೊಮ್ಮೆ, ಅದೂ ಪೂಜೆಗೆ, ಎರಡು ದಿನಕ್ಕೆ!

'ದಿಲ್‌ವಾಲೇ' ನಮ್ಮವರಿಗೆ ಇಷ್ಟು ಪ್ರೀತಿ ಯಾಕೆ ಅಂತಲೂ ಯೋಚಿಸಿದ್ದೇನೆ. ಹುಡುಗಿಯ ತಾಯಿಯೇ ಒಡವೆ ಕೈಗಿಟ್ಟು ಓಡಿಹೋಗಿ ಅಂದರೂ ಹುಡುಗ ಒಪ್ಪುವುದಿಲ್ಲ, ಅಪ್ಪ ಕೊಟ್ಟರೇ ಕರೆದೊಯ್ಯುವೆ ಅನ್ನುತ್ತಾನೆ. ಅಪ್ಪಂದಿರಿಗೆ ಇದಕ್ಕಿಂತ ಅನುಕೂಲದ ಪ್ರೇಮಿ ಸಿಗುವುದುಂಟೇ? ಆದರೆ ಕೊನೆಗೆ ಆ ಅಪ್ಪನೂ ಮಗಳ ಕೈ ಬಿಡಲೇಬೇಕಾಯಿತು. (ಪಂಜಾಬು ಅಂತ ತೋರಿಸಿದ ಆ ಸ್ಟೇಷನ್ನು ನಮ್ಮ ಪನ್ವೇಲ್ ಆಚೆಯ ಆಪ್ಟಾ!) ಆ ಕೈ ಬಿಡುವ ಸೀನಿನಲ್ಲಿ ಎಲ್ಲರೂ ಮೂಗೊರೆಸಿಕೊಳ್ಳುತ್ತಾರೆ, ಒಬ್ಬರೂ ಪಾಠ ಕಲಿಯುವುದಿಲ್ಲ.

ಈಗಿನ ಮಕ್ಕಳ ಪ್ರೀತಿಗೆ ಆಯುಸ್ಸಿಲ್ಲ ಅನ್ನುವವರು ಬ್ಯಾಂಕಿನ ಲೋನ್ ಡೆಸ್ಕಿಗೆ ಬಂದು ಒಂದು ದಿನ ಕೂರಲಿ. ಇಬ್ಬರ ಸಂಬಳ ಸೇರಿಸಿ, ಬದ್ಲಾಪುರದಲ್ಲಿ ಒಂದು ಬೆಡ್‌ರೂಮಿನ ಫ್ಲಾಟಿಗೆ 20 ವರ್ಷದ ಜಂಟಿ ಸಾಲಕ್ಕೆ ಸಹಿ ಹಾಕುವ ಹುಡುಗ ಹುಡುಗಿಯರನ್ನು ನೋಡಲಿ. ಮರ ಸುತ್ತುವುದು ಸುಲಭ, ಇಎಂಐ ಸುತ್ತುವುದು ಕಷ್ಟ.

ಜಾತಿ ಭಾಷೆ ಬೇರೆಯಾದವರಿಗೆ 1954ರ ಸ್ಪೆಷಲ್ ಮ್ಯಾರೇಜ್ ಆಕ್ಟ್ ಇದೆ. ಹುಡುಗನಿಗೆ 21, ಹುಡುಗಿಗೆ 18 ತುಂಬಿದ್ದರೆ 30 ದಿನದ ನೋಟೀಸು ಕೊಟ್ಟು ಮದುವೆಯಾಗಬಹುದು. ಅಪ್ಪನ ಒಪ್ಪಿಗೆ ಬೇಕಿಲ್ಲ, ಮೂವರು ಸಾಕ್ಷಿಗಳ ಸಹಿ ಬೇಕು. ಆ ಮೂವರೂ ಆಫೀಸಿನ ಗೆಳೆಯರೇ ಯಾಕೆ ಆಗಬೇಕು? ಸೋದರಮಾವನೋ ಚಿಕ್ಕಪ್ಪನೋ ಒಬ್ಬರು ಅರ್ಧ ದಿನ ರಜೆ ಹಾಕಿ ಹೋಗಿ ಒಂದು ಸಹಿ ಹಾಕಿದರೆ ಏನು ಗಂಟು ಹೋಗುತ್ತದೆ, ಹೇಳಿ.