ತಟ್ಟೆಗೂ ರಕ್ತಕ್ಕೂ 37 ಪಟ್ಟು ಅಂತರ

ಕೋಕೋ ಸಾರ ಸೇವಿಸಿದ ಹಿರಿಯರಲ್ಲಿ ಉರಿಯೂತದ ಸೂಚಕವೊಂದು ಇಳಿಯಿತು ಎಂದು ಅಮೆರಿಕದ ‘ಕಾಸ್ಮೋಸ್’ ಅಧ್ಯಯನ ತಂಡ 2025ರಲ್ಲಿ ವರದಿ ಮಾಡಿದ್ದೇ ತಡ, ಫ್ಲೇವನಾಯ್ಡ್‌ಗಳು ರಕ್ತನಾಳಗಳನ್ನು ಕಾಯುತ್ತವೆ ಎಂಬ ಹಳೆಯ ವಾದಕ್ಕೆ ಹೊಸ ಹುರುಪು ಬಂದಿದೆ. ಈರುಳ್ಳಿ, ಚಹಾ, ಸೇಬು, ಕೋಕೋಗಳಲ್ಲಿರುವ ಈ ಸಂಯುಕ್ತಗಳನ್ನು ಕ್ಯಾಪ್ಸೂಲ್‌ಗೆ ತುಂಬಿ ಮಾರುವವರು ‘ಪ್ರಯೋಗಾಲಯದಲ್ಲಿ ಸಾಬೀತಾಗಿದೆ’ ಎನ್ನುತ್ತಾರೆ. ಎಷ್ಟು ಪ್ರಮಾಣದಲ್ಲಿ ಸಾಬೀತಾಯಿತು ಎಂದು ಕೇಳುವವರು ಮಾತ್ರ ವಿರಳ. ನನ್ನ ನಿಲುವು ಇಷ್ಟು: ಫ್ಲೇವನಾಯ್ಡ್ ಇರುವ ಆಹಾರ ತಿನ್ನಲು ಸಾಕಷ್ಟು ಕಾರಣಗಳಿವೆ, ಆದರೆ ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲಿನ ಫಲಿತಾಂಶ ತೋರಿಸಿ ಮಾತ್ರೆ ಮಾರುವುದಕ್ಕೆ ಯಾವ ನ್ಯಾಯವೂ ಇಲ್ಲ. ಆ ಫಲಿತಾಂಶ ಬಂದ ಸಾಂದ್ರತೆಯನ್ನೂ ರಕ್ತದಲ್ಲಿ ಸಿಗುವ ಸಾಂದ್ರತೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಪ್ರಯೋಗ ನಡೆಯುವ ಬಗೆಯನ್ನೇ ನೋಡಿ. ಹೊಕ್ಕುಳಬಳ್ಳಿಯ ಅಭಿಧಮನಿಯಿಂದ ತೆಗೆದ ಒಳಪದರದ ಕೋಶಗಳನ್ನು ತಟ್ಟೆಯ ತಳದಲ್ಲಿ ಒಂದೇ ಪದರವಾಗಿ ಹರಡಿಕೊಳ್ಳುವಂತೆ ಬೆಳೆಸುತ್ತಾರೆ. ಅವುಗಳ ಮೇಲೆ ಫ್ಲೇವನಾಯ್ಡ್ ಹಾಕಿ, ಬಳಿಕ ಉರಿಯೂತದ ಸಂಕೇತ ಪ್ರೋಟೀನಾದ ಟಿಎನ್‌ಎಫ್-ಆಲ್ಫಾ ಸೇರಿಸಿ ಕೆರಳಿಸುತ್ತಾರೆ. ಕೆರಳಿದ ಕೋಶದೊಳಗೆ ಉರಿಯೂತದ ಜೀನುಗಳನ್ನು ಎಚ್ಚರಿಸುವ ಎನ್‌ಎಫ್-ಕಪ್ಪಾ ಬಿ ಚುರುಕಾಗುತ್ತದೆ. ವಿಸಿಎಎಂ-1, ಐಸಿಎಎಂ-1ನಂಥ ಅಂಟು ಪ್ರೋಟೀನುಗಳು ಮೇಲ್ಮೈಗೆ ಬರುತ್ತವೆ. ಕೊನೆಗೆ ಬಿಳಿ ರಕ್ತಕಣಗಳನ್ನು ಸುರಿದು, ತೊಳೆದ ಮೇಲೂ ಎಷ್ಟು ಕಣಗಳು ಅಂಟಿಕೊಂಡು ಉಳಿದವು ಎಂದು ಎಣಿಸುತ್ತಾರೆ. ಫ್ಲೇವನಾಯ್ಡ್ ಹಾಕಿದ ತಟ್ಟೆಯಲ್ಲಿ ಅವು ಕಡಿಮೆ. 1995ರಲ್ಲಿ ಗೆರಿಟ್ಸನ್ ಮತ್ತು ಸಂಗಡಿಗರು ಎಪಿಜೆನಿನ್ ಮೊದಲಾದ ಫ್ಲೇವನಾಯ್ಡ್‌ಗಳು ಈ ಅಂಟು ಪ್ರೋಟೀನುಗಳನ್ನು ತಡೆಯುವುದನ್ನು ತೋರಿಸಿದರು. ಆಮೇಲೆ ಇಂಥ ವರದಿಗಳಿಗೆ ಬರವಿಲ್ಲ. ಆ ಫಲಿತಾಂಶಗಳು ಸುಳ್ಳಲ್ಲ. ಆದರೆ ಅವುಗಳಲ್ಲಿ ಸಾಮಾನ್ಯವಾಗಿ ಬಳಸುವ ಸಾಂದ್ರತೆ 10ರಿಂದ 50 ಮೈಕ್ರೊಮೋಲಾರ್.

ಈಗ ಮನುಷ್ಯರ ರಕ್ತಕ್ಕೆ ಬನ್ನಿ. ಜರ್ಮನಿಯಲ್ಲಿ ಎಗರ್ಟ್ ಮತ್ತು ಸಂಗಡಿಗರು ತೂಕ ಹೆಚ್ಚಿದ್ದ 93 ಮಂದಿಗೆ ದಿನಕ್ಕೆ 150 ಮಿಲಿಗ್ರಾಂ ಕ್ವೆರ್ಸೆಟಿನ್ ಎಂಬ ಫ್ಲೇವನಾಯ್ಡ್ ಅನ್ನು 6 ವಾರ ಕೊಟ್ಟು, 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಖಾಲಿ ಹೊಟ್ಟೆಯ ರಕ್ತದಲ್ಲಿ ಕ್ವೆರ್ಸೆಟಿನ್ 71ರಿಂದ 269 ನ್ಯಾನೊಮೋಲಾರ್‌ಗೆ ಏರಿತು. ಅಂದರೆ ಸುಮಾರು 0.27 ಮೈಕ್ರೊಮೋಲಾರ್. ತಟ್ಟೆಯಲ್ಲಿ ಬಳಸುವ ಕನಿಷ್ಠ ಮಟ್ಟವಾದ 10 ಮೈಕ್ರೊಮೋಲಾರ್ ಇದರ 37 ಪಟ್ಟು. 50 ಆದರೆ 180 ಪಟ್ಟಿಗೂ ಮಿಗಿಲು. ಊಟವಾದ ಬಳಿಕ ಮಟ್ಟ ಏರುವುದಿಲ್ಲವೇ ಎನ್ನಬಹುದು. ಏರುತ್ತದೆ. ಆದರೆ ಮನಾಶ್ ಮತ್ತು ಸಂಗಡಿಗರು 97 ಅಧ್ಯಯನಗಳನ್ನು ಜಾಲಾಡಿ 2005ರಲ್ಲಿ ಹೇಳಿದ್ದೇನು? 50 ಮಿಲಿಗ್ರಾಂ ಪಾಲಿಫೀನಾಲ್ (ಫ್ಲೇವನಾಯ್ಡ್‌ಗಳೂ ಸೇರುವ ದೊಡ್ಡ ಗುಂಪು) ಸೇವಿಸಿದಾಗ ರಕ್ತದಲ್ಲಿ ಸಿಗುವುದು ಎಲ್ಲ ರೂಪಗಳೂ ಸೇರಿ 0ಯಿಂದ 4 ಮೈಕ್ರೊಮೋಲಾರ್. ‘ಎಲ್ಲ ರೂಪಗಳೂ ಸೇರಿ’ ಎಂಬುದನ್ನು ಗಮನಿಸಬೇಕು. ಕರುಳಿನ ಗೋಡೆ ಮತ್ತು ಯಕೃತ್ತು ಕ್ವೆರ್ಸೆಟಿನ್‌ಗೆ ಗ್ಲುಕುರೊನೈಡ್, ಸಲ್ಫೇಟ್ ಜೋಡಿಸಿಯೇ ಮುಂದಕ್ಕೆ ಬಿಡುತ್ತವೆ. ತಟ್ಟೆಗೆ ಹಾಕುವ ಬಿಡಿ ಕ್ವೆರ್ಸೆಟಿನ್ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ತಪ್ಪು ಪ್ರಮಾಣದ್ದಷ್ಟೇ ಅಲ್ಲ, ಅಣುವೂ ಬೇರೆ. ಇಷ್ಟು ಸಾಲದೆಂಬಂತೆ, ಕ್ಯಾಟಚಿನ್, ಕ್ವೆರ್ಸೆಟಿನ್‌ಗಳನ್ನು ಕೋಶ ಬೆಳೆಸುವ ದ್ರಾವಣಕ್ಕೆ ಹಾಕಿದೊಡನೆ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆಂದು ಬ್ಯಾರಿ ಹ್ಯಾಲಿವೆಲ್ ತಂಡ 2000ದಲ್ಲೇ ಎಚ್ಚರಿಸಿತ್ತು. ಕಂಡ ಪರಿಣಾಮ ಫ್ಲೇವನಾಯ್ಡ್‌ನದೋ ಪೆರಾಕ್ಸೈಡ್‌ನದೋ ಎಂಬ ಅನುಮಾನ ಆಗಲೇ ಎದ್ದಿತ್ತು. ಎರಡು ದಶಕ ದಾಟಿದರೂ ಈ ಎಚ್ಚರಿಕೆಯನ್ನು ಬದಿಗಿಟ್ಟ ಪ್ರಬಂಧಗಳು ಬರುತ್ತಲೇ ಇವೆ.

ಇದಕ್ಕೊಂದು ಗಂಭೀರ ಆಕ್ಷೇಪವಿದೆ. ಉರಿಯೂತ ಇರುವ ಜಾಗದಲ್ಲಿ ಮ್ಯಾಕ್ರೊಫೇಜ್ ಎಂಬ ರೋಗನಿರೋಧಕ ಕೋಶಗಳು ಗ್ಲುಕುರೊನೈಡ್ ಅನ್ನು ಕಳಚಿ ಬಿಡಿ ಕ್ವೆರ್ಸೆಟಿನ್ ಅನ್ನು ಬಿಡುಗಡೆ ಮಾಡಬಲ್ಲವು ಎಂದು ಜಪಾನಿನ ಕವಾಯಿ ಮತ್ತು ತೆರಾವೊ ಅವರ ತಂಡ 2008ರಲ್ಲಿ ತೋರಿಸಿದೆ. ರಕ್ತದಲ್ಲಿ ಕಡಿಮೆ ಇದ್ದರೂ ಬೇಕಾದಲ್ಲಿ ಹೆಚ್ಚಾಗಬಹುದು ಎಂಬುದು ವಾದ. ಸರಿಯಾದ ಪ್ರಶ್ನೆ ಕೇಳುವ ಇಂಥ ಸಂಶೋಧನೆಯನ್ನು ಸ್ವಾಗತಿಸಲೇಬೇಕು. ಆದರೆ ಹಾಗೆ ಆಗುವುದೇ ನಿಜವಾದರೆ ಫಲ ಮನುಷ್ಯರಲ್ಲಿ ಕಾಣಬೇಕಲ್ಲವೇ? ಎಗರ್ಟ್ ಅವರ ಆ 93 ಮಂದಿಯಲ್ಲಿ ಮೇಲಿನ ರಕ್ತದೊತ್ತಡ 2.6 ಅಂಕ ಇಳಿಯಿತು. ಆದರೆ ಉರಿಯೂತದ ಸೂಚಕಗಳಾದ ಸಿಆರ್‌ಪಿ, ಟಿಎನ್‌ಎಫ್-ಆಲ್ಫಾ ಬದಲಾಗಲಿಲ್ಲ. ತಟ್ಟೆಯಲ್ಲಿ ಕೋಶಗಳನ್ನು ಕೆರಳಿಸಲು ಬಳಸುವ ಅದೇ ಟಿಎನ್‌ಎಫ್-ಆಲ್ಫಾ ಇದು.

ಹಾಗಾದರೆ ಕಾಸ್ಮೋಸ್? 598 ಮಂದಿಯ ರಕ್ತ ಪರೀಕ್ಷೆಯಲ್ಲಿ ಕೋಕೋ ಸಾರ ಪಡೆದವರ ಸಿಆರ್‌ಪಿ, ಪ್ಲಸೀಬೊ (ಹುಸಿ ಮಾತ್ರೆ) ಪಡೆದವರಿಗೆ ಹೋಲಿಸಿದರೆ ವರ್ಷಕ್ಕೆ ಶೇ 8.4ರಷ್ಟು ತಗ್ಗಿತು. ಇದು ಮನುಷ್ಯರಲ್ಲಿ ಸಿಕ್ಕ ಸಾಕ್ಷ್ಯ, ತಳ್ಳಿಹಾಕುವಂತಿಲ್ಲ. ಆದರೆ ಸಿಆರ್‌ಪಿ ತಯಾರಾಗುವುದು ಮುಖ್ಯವಾಗಿ ಯಕೃತ್ತಿನಲ್ಲಿ. ರಕ್ತನಾಳದ ಒಳಪದರದಲ್ಲಿ ಏನಾಯಿತೆಂದು ಅದು ನೇರವಾಗಿ ಹೇಳುವುದಿಲ್ಲ. 21,442 ಮಂದಿಯ ಮೂಲ ಅಧ್ಯಯನದಲ್ಲಿ ಹೃದಯ, ರಕ್ತನಾಳದ ಒಟ್ಟು ಅವಘಡಗಳು ಕೋಕೋ ಗುಂಪಿನಲ್ಲಿ 410, ಪ್ಲಸೀಬೊ ಗುಂಪಿನಲ್ಲಿ 456. ಈ ವ್ಯತ್ಯಾಸ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಹೃದ್ರೋಗದ ಸಾವು ಶೇ 27ರಷ್ಟು ಕಡಿಮೆಯಾದದ್ದು ನಿಜ. ಆದರೆ ಅದು ಅಧ್ಯಯನದ ಮುಖ್ಯ ಗುರಿಯಾಗಿರಲಿಲ್ಲ, ಇನ್ನೊಂದು ಪ್ರಯೋಗ ಅದನ್ನು ದೃಢಪಡಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ (ಫ್ಲೇವನಾಯ್ಡ್‌ಗಳ ಇನ್ನೊಂದು ಬಗೆ) ಕೊಟ್ಟ ಪ್ರಯೋಗದ ಹೆಸರಿನಲ್ಲಿ ಕ್ವೆರ್ಸೆಟಿನ್ ಮಾರುವಂತಿಲ್ಲ.

ಸರಿಯಾದ ದಾರಿಗೆ ಪೂರ್ವನಿದರ್ಶನವೂ ಇದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2012ರಲ್ಲಿ ದಿನಕ್ಕೆ 200 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಬಗ್ಗೆ ಒಂದು ಹೇಳಿಕೆಯನ್ನು ಒಪ್ಪಿತು. ಒಪ್ಪಿದ್ದು ರಕ್ತನಾಳ ಹಿಗ್ಗುವ ಗುಣವನ್ನು ಕಾಪಾಡುವ ವಿಷಯವನ್ನು. ಅದೂ ಮನುಷ್ಯರಲ್ಲಿ ಅಳೆದ ಮೇಲೆ, ಪ್ರಮಾಣ ನಮೂದಿಸಿ. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 2018ರ ಜಾಹೀರಾತು ನಿಯಮಗಳೂ ಹೇಳಿಕೆಗಳಿಗೆ ವೈಜ್ಞಾನಿಕ ಆಧಾರ ಬೇಕೆನ್ನುತ್ತವೆ. ಆ ಆಧಾರ ಕೋಶಗಳ ಪ್ರಯೋಗದ್ದಾದರೆ, ಅಲ್ಲಿ ಬಳಸಿದ ಸಾಂದ್ರತೆ ಮತ್ತು ಮಾತ್ರೆ ನುಂಗಿದಾಗ ರಕ್ತದಲ್ಲಿ ಸಿಗುವ ಸಾಂದ್ರತೆ ಎರಡನ್ನೂ ಪೊಟ್ಟಣದ ಮೇಲೆ ಮುದ್ರಿಸುವುದು ಕಡ್ಡಾಯವಾಗಲಿ. ಹಾಗಾದರೆ ತಟ್ಟೆಯ ಮಟ್ಟ ಮುಟ್ಟಲು ಹೆಚ್ಚು ನುಂಗಿದರಾಯಿತು ಎನ್ನುವವರಿಗೆ ಯುರೋಪಿನ ಅದೇ ಪ್ರಾಧಿಕಾರ 2018ರಲ್ಲಿ ಉತ್ತರ ಕೊಟ್ಟಿದೆ: ಹಸಿರು ಚಹಾದ ಇಜಿಸಿಜಿ ಎಂಬ ಫ್ಲೇವನಾಯ್ಡ್ ಅನ್ನು ಪೂರಕವಾಗಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಹೆಚ್ಚು ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟು ಬೀಳುವ ಸೂಚನೆಗಳು ಕಂಡಿವೆ. ವೈದ್ಯರು ಬರೆದುಕೊಟ್ಟ, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಬಿಟ್ಟು ಯಾರಾದರೂ ಇಂಥ ಕ್ಯಾಪ್ಸೂಲ್ ನಂಬಿದರೆ ನಷ್ಟ ಹಣದ್ದಷ್ಟೇ ಆಗಿರುವುದಿಲ್ಲ. ಎರಡು ಅಂಕಿಗಳನ್ನು ಅಚ್ಚು ಹಾಕಿಸಲು ನಿಯಂತ್ರಕರಿಗೆ ಹೊಸ ಸಂಶೋಧನೆ ಬೇಕಿಲ್ಲ. ಇಲ್ಲದಿರುವುದು ಇಚ್ಛಾಶಕ್ತಿ ಮಾತ್ರ.